ಎರಡು ಕಾಲಂ

ಸಬೀಹಾ ನೋಟ್‌ಬುಕ್ಕಿನ ನಡುವೆ ಗೆರೆ ಎಳೆದಳು
ಸ್ಕೇಲಿಲ್ಲದೆ, ನೆಟ್ಟಗೆ.
ಸರ್ವೇ ಇಲಾಖೆಯ ನಕ್ಷೆ ಶಾಖೆಯಲ್ಲಿ ಇಪ್ಪತ್ತೊಂಬತ್ತು ವರ್ಷ
ಊರೂರಿನ ಎಲ್ಲೆ ಎಳೆದ ಕೈ.
ಪಕ್ಕದ ಮೇಜಿನದು ನನ್ನ ಕೈ.
ಎಡಕ್ಕೆ ವೇಲ್ಸ್, ಬಲಕ್ಕೆ ಇಂಗ್ಲೆಂಡ್, ನಕ್ಷೆಯಲ್ಲಿದ್ದ ಹಾಗೇ.
"ಮೂರೇ ದಿನ ಉಳಿದದ್ದು. ಎರಡೂ ಆಗಲ್ಲ ಕಣೇ, ಅಂಕ ಹಾಕು."

ಚೆಪ್‌ಸ್ಟೋದ ಹಳೇ ಕಬ್ಬಿಣದ ಸೇತುವೆ,
ನಟ್ಟನಡುವೆ ನಾವು.
ಕೆಳಗೆ ವೈ ನದಿ. ಇಳಿತದ ಹೊತ್ತು,
ನೀರಿಗಿಂತ ಕೆಸರೇ ಜಾಸ್ತಿ,
ಆ ದಡಕ್ಕೂ ಈ ದಡಕ್ಕೂ ಒಂದೇ ಬಣ್ಣದ್ದು.

ಚಹಾ: ಅಲ್ಲಿ ಬಿಸಿನೀರು, ಇಲ್ಲೂ ಬಿಸಿನೀರು. ಸಮ.
ಬಸ್ಸು: ಅತ್ತ ಗಂಟೆಗೊಂದು. ಇತ್ತ ದೇವರಿಚ್ಛೆ.
ಶೌಚಾಲಯ: ವೇಲ್ಸಿಗೆ ಎರಡು. ಕಾರಣ ಬರೆಯಲಿಲ್ಲ.
ಭಾಷೆ: ಇಲ್ಲಿನ ಬೋರ್ಡುಗಳಿಗೆ ಎರಡೆರಡು ನಾಲಿಗೆ.
ರಸ್ತೆಯ ಮೇಲೆ ಸುಣ್ಣದ ಬಿಳುಪಲ್ಲಿ ಬರೆದದ್ದನ್ನು
ನಾನು ಅರಾಫ್ ಎಂದು ಓದಿದರೆ
ಗೆಸ್ಟ್ ಹೌಸಿನ ಗ್ವೆನ್‌ಲಿಯನ್ ತಿದ್ದಿದ್ದಳು, ಅರಾವ್.
ನಿಧಾನ ಎಂದಂತೆ.
"ನಮ್ಮ ನಿಪ್ಪಾಣಿಯಲ್ಲಾಗಿದ್ದರೆ," ಅಂದಳು ಸಬೀಹಾ,
"ಇಷ್ಟೊತ್ತಿಗೆ ಒಂದು ನಾಲಿಗೆಗೆ ಟಾರು ಬಿದ್ದಿರುತ್ತಿತ್ತು."
ಅದಕ್ಕೆ ಒಂದಂಕ. ಯಾರಿಗೆಂದು ನಾನು ಕೇಳಲಿಲ್ಲ.

ಆಮೇಲೆ ಕೋಟೆಯ ಸಾಲು ಬಂತು, ತೊಡಕೂ ಬಂತು.
ಕೋಟೆ ಇರುವುದು ವೇಲ್ಸಿನ ಬಂಡೆಯ ಮೇಲೆ.
ಇಡಿಯಾಗಿ ಕಾಣಬೇಕೆಂದರೆ
ಸೇತುವೆ ದಾಟಿ ಇಂಗ್ಲೆಂಡಿಗೇ ಹೋಗಬೇಕು.
ಇಂಗ್ಲೆಂಡಿನ ಸುಣ್ಣಕಲ್ಲಿನ ಕಡಿದಾದ ದಡ,
ಅದರ ಮೇಲೆ ಕೊಡೆ ಬಿಚ್ಚಿದಂಥ ಮರಗಳು,
ಅದೆಲ್ಲ ಇತ್ತಣ ಬೆಂಚಿನಿಂದಲೇ ಚೆನ್ನ.
ದೂರದ ಬೆಟ್ಟ ನುಣ್ಣಗೆ ಅಂತಾರೆ.
ಇದು ದೂರವೂ ಅಲ್ಲ, ಕೂಗಿದರೆ ಕೇಳಿಸುವಷ್ಟು.
ಅಂಕ ಯಾರಿಗೆ ಹಾಕೋಣ,
ಕಂಡದ್ದಕ್ಕೋ, ಕಾಣಿಸಿದ್ದಕ್ಕೋ?

ಪೆನ್ನಿನ ತುದಿ ಅವಳ ಹಲ್ಲಿಗೆ ಹೋಯಿತು.
ಆಫೀಸಿನಲ್ಲೂ ಹಾಗೇ,
ತಂಟೆಯ ಜಮೀನು ಮೇಜಿಗೆ ಬಂದ ದಿನ.

ಅಷ್ಟರಲ್ಲಿ ನದಿ ತಿರುಗಿತು.
ಸಮುದ್ರ ಎಲ್ಲೋ ಕೆಳಗಿನಿಂದ ಒತ್ತಿತು, ಕಂದು ನೀರು
ಸದ್ದಿಲ್ಲದೆ ಮೇಲ್ಮುಖವಾಗಿ ಏರತೊಡಗಿತು.
ಬೆಳಿಗ್ಗೆ ಹೋಗಿದ್ದ ಹಲಗೆಯೋ ಏನೋ ವಾಪಸು ಬಂತು.
"ನದಿಯ ನಡುಗೆರೆಯೇ ಎಲ್ಲೆ" ಎಂದು
ಎಷ್ಟು ಕಡತಗಳಲ್ಲಿ ಬರೆದಿದ್ದೇವೆ ನಾವು!
ನಡು ಯಾವುದು ಈಗ, ಎಂದೆ.
ಸುಮ್ಮನಿರೇ, ಕೂಡುತ್ತಿದ್ದೇನೆ, ಎಂದಳು.

ವೇಲ್ಸ್ ಹದಿನೇಳು. ಇಂಗ್ಲೆಂಡ್ ಹದಿನೇಳೂವರೆ.
ಆ ಅರ್ಧ ಏತಕ್ಕೆ ಬಿದ್ದದ್ದೆಂದು
ಇಬ್ಬರಿಗೂ ನೆನಪಾಗಲಿಲ್ಲ.

ಹಸಿವಾಗಿತ್ತು.
ಬ್ರೆಡ್ಡು ಗ್ವೆನ್‌ಲಿಯನ್ ಒಲೆಯದು, ಒಳಗಿನ ಚೀಸು
ಆಚೆ ದಡದ ಅಂಗಡಿಯದು.
ಗಡಿಯ ಫಲಕಕ್ಕೆ ಬೆನ್ನು ಕೊಟ್ಟು ತಿಂದೆವು.
ಚೂರುಗಳು ಕಂಬಿಯ ಸಂದಿಯಿಂದ ಉದುರಿ
ತೇಲಿದವು
ಹುಟ್ಟಿದೂರಿನ ಕಡೆ ಹೊರಟಿದ್ದ ನದಿಯ ಮೇಲೆ.