ಕಡ ಕೊಟ್ಟ ಗ್ರಹಗಳು

ನಾನು ಬರೆಯುವುದು ಮಾಟಗಾತಿಯರ ಬಗ್ಗೆ.
ಮೂರು ಕಾದಂಬರಿ, ಮೂರರಲ್ಲೂ ರೆಕ್ಕೆಹಾವು,
ಹಾವಿಗೊಂದು ಹೆಸರು, ಹೆಸರಿಗೊಂದು ಶಾಪ,
ಶಾಪಕ್ಕೆ ಇನ್ನೂರು ಪುಟದಾಚೆ ವಿಮೋಚನೆ.
ಓದುವುದು ಮಾತ್ರ ಬೇರೆ.
ಹಗಲು ಔಷಧಿ ಅಂಗಡಿಯ ಗಲ್ಲೆಯ ಮರೆಯಲ್ಲಿ,
ರಾತ್ರಿ ಏಸಿಯ ಗೊರಕೆಯ ಕೆಳಗೆ,
ರಾಕೆಟ್ಟು, ಯಂತ್ರಮಾನವ, ಗಾಳಿಯಿಲ್ಲದ ಊರು.

ಗುಟ್ಟೇನಲ್ಲ.
ಬರ್ಕಾದಲ್ಲಿ ಕನ್ನಡ ಬಲ್ಲ ಎಲ್ಲರಿಗೂ ಗೊತ್ತು:
ಸೆವ್ರಿನ್ ಬಾಯಿ ಕೆಮ್ಮಿನ ಔಷಧಿಯ ಜೊತೆ
ಒಂದು ಗ್ರಹವನ್ನೂ ಕಟ್ಟಿ ಕೊಡುತ್ತಾಳೆ.
ಊಟವಾದ ಮೇಲೆ, ದಿನಕ್ಕೆ ಮೂವತ್ತು ಪುಟ.

ಪುಸ್ತಕ ಸಿಗುವುದು ಊರಿಗೆ ಹೊರಟವರ ಬಾಗಿಲಲ್ಲಿ.
ಮೂವತ್ತು ಕಿಲೋದೊಳಗೆ ಹಾಲಿನ ಪುಡಿಗೆ ಜಾಗ, ಕಂಬಳಿಗೆ ಜಾಗ,
ನಕ್ಷತ್ರಗಳಿಗೆ ಇಲ್ಲ.
ನಾನು ಹೆಕ್ಕಿ ತರುತ್ತೇನೆ,
ಮಾತ್ರೆ ಕಂಪನಿಯ ಕ್ಯಾಲೆಂಡರು ಹರಿದು ಬೈಂಡು ಹಾಕುತ್ತೇನೆ.
ಒಂದು ಪ್ರಳಯದ ಮೈಮೇಲೆ
ಎದೆಯುರಿಯ ಜಾಹೀರಾತು.

ಯಾಕೆ ಇಷ್ಟು ಹುಚ್ಚು ಎಂದರೆ,
ನನ್ನ ಲೋಕದಲ್ಲಿ ನಾನು ಅಂದದ್ದೇ ನಿಯಮ,
ಇವರ ಲೋಕದಲ್ಲಿ ಕೈಜಾರಿದ ಚಮಚವೂ
ಬೀಳುವ ಮೊದಲು ಲೆಕ್ಕ ಕೇಳುತ್ತದೆ.
ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ.
ನಾನಂತೂ ಮದ್ದು ಮಾರುವವಳು,
ನನ್ನ ಹಿತ್ತಲಲ್ಲಿ ಬೆಳೆದದ್ದು ಬರೀ ಮಂತ್ರ.

ಇದಿನಬ್ಬನಿಗೆ ಇಂಗ್ಲಿಷು ಬಾರದು.
ಅವನ ವ್ಯಾನಿನಲ್ಲಿ ಕಂತು ಕಂತಾಗಿ ನಾನೇ ಹೇಳಬೇಕು,
ಹೋರಿಕಾಳಗದ ಬಯಲಿನಿಂದ ಮೀನು ಮಾರ್ಕೆಟ್ಟಿನವರೆಗೆ ಒಂದು ಅಧ್ಯಾಯ.
"ಎಲ್ಲಿಗೆ ಮುಟ್ಟಿತು ಮಾರಾಯ್ತಿ ಹಡಗು?"
ಸೂರ್ಯನ ಹತ್ತಿರ, ಬ್ರೇಕು ಹಿಡಿಯುತ್ತಿಲ್ಲ.
ಸಿಗ್ನಲ್ಲು ಹಸಿರಾದರೂ ಅವನು ಹೊರಡುವುದಿಲ್ಲ.
ಹಿಂದಿನಿಂದ ಹಾರ್ನು, ಹಾರ್ನು.

ಹೊಲಿಗೆಯ ಬೇಬಿಯಕ್ಕ ಯಂತ್ರಮಾನವರನ್ನು ಎರಡೇ ದಿನಕ್ಕೆ ವಾಪಸು ತಂದಳು.
"ಯುದ್ಧ ಎಲ್ಲ ಸರಿ. ಅವರ ಅಂಗಿಗೆ ಗುಂಡಿ ಹಚ್ಚುವುದು ಯಾರು?"
ಆ ಪ್ರಶ್ನೆ ಇಟ್ಟುಕೊಂಡೇ
ನಾನು ನಾಲ್ಕು ಸಲ ಓದಿದೆ. ನಿಜ, ಯಾರೂ ಇಲ್ಲ.

ಯಮನೂರಪ್ಪ ಕಡಲನ್ನು ಸಿಹಿ ಮಾಡುವ ಸ್ಥಾವರದಲ್ಲಿದ್ದಾನೆ.
ನೀರಿಲ್ಲದ ಗ್ರಹವೊಂದನ್ನು ಒಯ್ದವನು
ತಿಂಗಳು ಬಿಟ್ಟು ತಂದ. ಅಂಚಿನ ತುಂಬ ಪೆನ್ಸಿಲ್ಲು.
"ಇಷ್ಟು ಒತ್ತಡಕ್ಕ ಈ ಪೈಪು ಒಡೀತದ."
"ತೆಗದ ಉಪ್ಪು ಎಲ್ಲಿ ಹಾಕಿದ್ರು? ಅದನ್ನ ಯಾರೂ ಹೇಳಂಗಿಲ್ಲ."
ಇನ್ನೂರ ಹನ್ನೊಂದನೇ ಪುಟದಲ್ಲಿ
ಒಬ್ಬ ಹುಡುಗಿ ಬಾಯಾರಿ ಸಾಯುತ್ತಾಳೆ.
ಅಲ್ಲಿ ಲೆಕ್ಕವಿಲ್ಲ. ಒಂದೇ ಪದ:
"ಪಾಪ."

"ನೀವೂ ಬರೀತೀರಂತಲ್ರಿ, ಕೊಡ್ರಿ," ಅಂದ.
ಕೊಟ್ಟೆ, ನನ್ನ ಎರಡನೆಯದನ್ನು,
ರಕ್ತಪರೀಕ್ಷೆಗೆ ತೋಳು ಚಾಚುವವರ ಹಾಗೆ ಮುಖ ತಿರುಗಿಸಿ.
ಅದರಲ್ಲಿ ಮಾಟಗಾತಿಯೊಬ್ಬಳು
ಒಂದೇ ಅಕ್ಷರ ಉಚ್ಚರಿಸಿ ಬಂಡೆಯಿಂದ ನದಿ ಕರೆಯುತ್ತಾಳೆ.
ಪಂಪಿಲ್ಲ, ಪೊರೆಯಿಲ್ಲ, ಕರೆಂಟಿನ ಬಿಲ್ಲಿಲ್ಲ.
ಉಳಿದ ಉಪ್ಪಿನ ಮಾತೇ ಇಲ್ಲ.

ಬಂತು ಪುಸ್ತಕ. ಅಂಚೆಲ್ಲ ಬಿಳಿ.
ಓದಿಯೇ ಇಲ್ಲವೋ, ಅಥವಾ ಮರ್ಯಾದೆಗೆ ಸುಮ್ಮನಾದನೋ
ಎಂದು ಗಿರಾಕಿಗಳ ನಡುವೆ ಪುಟ ತಿರುವಿದೆ.
ನದಿಯ ಪುಟದಲ್ಲಿ, ತೀರ ಸಣ್ಣಕ್ಷರದಲ್ಲಿ,
"ಆ ಅಕ್ಷರ ಯಾವುದ್ರಿ?"

ನಾನು ಅದನ್ನು ಯೋಚಿಸಿರಲೇ ಇಲ್ಲ.
'ಒಂದು ಅಕ್ಷರ' ಎಂದು ಬರೆದು ಮುಂದೆ ಹೋಗಿದ್ದೆ,
ಹಸಿವಿನಲ್ಲಿದ್ದೆ, ಅನ್ನ ಒಲೆಯ ಮೇಲಿತ್ತು.

ರಾತ್ರಿ ನಲ್ಲಿ ತಿರುಗಿಸಿ ಲೋಟ ಹಿಡಿದೆ.
ನಿನ್ನೆ ಕಡಲಾಗಿದ್ದದ್ದು ಬಂದು ತುಂಬಿಕೊಂಡಿತು.
ಕಿವಿಗೊಟ್ಟೆ: ಅಕಾರದಿಂದ ಹಿಡಿದು
ಳಕಾರದವರೆಗೆ ಎಲ್ಲವೂ ಸ್ವಲ್ಪ ಸ್ವಲ್ಪ ಕೇಳಿಸಿತು.

ಶುಕ್ರವಾರ ಹೇಳುತ್ತೇನೆ ಎಂದಿದ್ದೇನೆ ಅವನಿಗೆ.
ಅಲ್ಲಿಯವರೆಗೆ ಇಕೋ ಇನ್ನೊಂದು ಗ್ರಹ,
ಇಬ್ಬರು ಚಂದ್ರರು, ಗಟ್ಟಿ ಬೈಂಡು,
ಕೊನೆಯ ನಾಲ್ಕು ಪುಟ ಇಲ್ಲ.
ಪೆನ್ಸಿಲ್ಲು ಚೂಪಾಗಿದೆ ತಾನೇ?