ಪ್ರಭಾರ

ಆದೇಶ ಟೈಪ್ ಮಾಡಿದಾಕಿ ನಾನ.
ಇದು ನಾಕನೇ ಸಲ.
‘ಮುಂದಿನ ಆದೇಶದವರೆಗೆ’ ಅಂಬೂದು
ಬೆರಳಿಗೆ ಬಾಯಿಪಾಠ ಆಗೇತಿ,
ಕಣ್ಣು ಮುಚ್ಚಿದರೂ ತಪ್ಪಂಗಿಲ್ಲ:
ಡಾ. ನೀಲಾಂಬಿಕಾ ಗುಣದಾಳ, ಸಂಖ್ಯಾಶಾಸ್ತ್ರ,
ಕುಲಸಚಿವರು,
ಆಮ್ಯಾಲ ಕಂಸದೊಳಗ, ಸಣ್ಣಗ, ಪ್ರಭಾರ.

ಪ್ರಭೆ ಅವರಿಗೆ, ಭಾರ ನಿಮಗ, ಅಂದೆ
ಚಾದ ಕಪ್ಪು ಇಡತಾ.
ಮೇಡಂ ನಗಲಿಲ್ಲ. ಆದೇಶದೊಳಗ
ಒಂದು ಒತ್ತಕ್ಷರ ತಪ್ಪಿತ್ತು, ತಿದ್ದಿ ಕೊಟ್ಟರು.

ಪೂರಾ ಹುದ್ದೆಗೆ ಅರ್ಜಿ ಹಾಕಿದ ವರ್ಷ
ಸಂದರ್ಶನದಾಗ ಕೇಳಿದರಂತ:
ರಾತ್ರಿ ಹತ್ತರ ಮ್ಯಾಲೂ ಕೆಲಸ ಇರತಾವು,
ಮನ್ಯಾಗ ಹೆಂಗ್ರಿ?
ಘಟಿಕೋತ್ಸವದ ಹಿಂದಿನ ರಾತ್ರಿ ಎರಡಕ್ಕ
ಪದವಿಪತ್ರದ ಹೆಸರು ಒಂದೊಂದ ಓದಿ
ತಾಳೆ ನೋಡಿದಾಕಿ ಯಾರು ಅಂತ
ಅವರು ನನ್ನ ಕೇಳಲಿಲ್ಲ. ನಾನು ಅಲ್ಲೇ ಇದ್ದೆ,
ಬಾಗಿಲ ಹೊರಗ, ಫೈಲು ಹಿಡಕೊಂಡು.

ಗುಮ್ಮಟದಾಗ ಒಮ್ಮೆ ಅಂದರ ಏಳು ಸಲ ಕೇಳತೈತಿ,
ಬಿಜಾಪುರದ ಕೂಸಿಗೂ ಗೊತ್ತು.
ಸಿಂಡಿಕೇಟ್ ಸಭಾದಾಗ ಮೇಡಂ ಏಳು ಸಲ ಅಂದರ
ಒಮ್ಮೆ ಕೇಳತೈತಿ,
ಅದೂ ಇನ್ನೊಬ್ಬರ ಬಾಯಾಗ.
ನಡಾವಳಿ ಬರಿಯಾಕಿ ನಾನ.
‘ಡೀನ್ ಸಾಹೇಬರು ಸೂಚಿಸಿದರು’
ಅಂತ ಬರದೀನಿ ನಾನೂ.
ಬರದೀನಿ. ಇಲ್ಲ ಅನ್ನಂಗಿಲ್ಲ.

ಬಾಗಿಲ ಪಕ್ಕದ ಫಲಕದಾಗ ಹನ್ನೊಂದು ಹೆಸರು.
ಪ್ರಭಾರದವರದು ಬರಿಯಂಗಿಲ್ಲ, ರೂಢಿ ಇಲ್ಲ.
ಒಂದು ಮಧ್ಯಾಹ್ನ, ಕರೆಂಟ್ ಹೋದಾಗ,
ಮೇಡಂ ಪಂಚಾಂಗದ ಹಿಂದ ಲೆಕ್ಕ ಮಾಡಿದರು:
ಮೂರು ಸಲದ್ದು ಕೂಡಿಸಿ ಆರುನೂರಾ ಹನ್ನೆರಡು ದಿನ.
ಫಲಕದ ಐದನೇ ಸಾಹೇಬರದು ಇನ್ನೂರಾ ಮೂರು.
ಹಾಳಿ ಮಡಚಿ ಬ್ಯಾಗಿನಾಗ ಇಟ್ಟರು,
ಭಕ್ಕರಿ ಡಬ್ಬಿ ತಗದರು.

ಇನ್ನ ಕುರ್ಚಿ.
ಆರಡಿ ಎತ್ತರದ ಒಬ್ಬ ಸಾಹೇಬರು
ತಮ್ಮ ಅಳತಿಗೆ ಮಾಡಿಸಿದ್ದು. ಸಾಗವಾನಿ.
ಬೆನ್ನಿಗೆ ಇನ್ನೂ ಅವರದ ಟವೆಲ್ಲು.
ಮೇಡಂ ಕಾಲು ನೆಲ ಮುಟ್ಟಂಗಿಲ್ಲ.
ಪ್ರತಿ ಸಲ ಸಿಪಾಯಿ ಸಂಗವ್ವ
ಹಳೆ ಉತ್ತರಪತ್ರಿಕೆಯ ಗಂಟೊಂದು ತಂದು
ಕಾಲ ಕೆಳಗ ಸರಸತಿದ್ದಳು.
ಮೇಡಂ ಪ್ರತಿ ಸಲ ಬಗ್ಗಿ, ಗಂಟು ಮುಟ್ಟಿ,
ಬೆರಳು ಕಣ್ಣಿಗೊತ್ತಿಕೊಂಡು, ಆಮ್ಯಾಲ ಪಾದ ಇಡತಿದ್ದರು.
ಅಕ್ಷರಕ್ಕ ಕಾಲು ತಾಗಿಸೋದು
ಯಾರ ಮಕ್ಕಳದೋ, ಫೇಲಾದವರದರೇ ಯಾಕಾಗವಲ್ಲದು.

ಈ ಸಲ ಗಂಟು ತಂದರ, ಒಯ್ಯಿ ಅಂದರು.
ಜೋರಾಪುರ ಪೇಟೆಯಿಂದ ಮೌನೇಶ ಬಡಿಗೇರ ಬಂದ,
ಗರಗಸ ಕಂಕುಳಾಗ.
ಎರಡು ಇಂಚು, ಅಂದರು ಮೇಡಂ, ನಾಕೂ ಕಾಲು.
ಅವ ಕುರ್ಚಿ ನೋಡಿದ, ನನ್ನ ನೋಡಿದ.
ಮುಂದ ಸಾಹೇಬರು ಬಂದರ ಹೆಂಗ್ರಿ ಬಾಯಾರ?
ಮಣಕಾಲು ಮಡಚಲಿ.
ಅಷ್ಟ ಅಂದು
ನಿಂತ ಟೇಬಲಿನ ಮ್ಯಾಲ ಸಹಿ ಹಾಕತಾ ಇದ್ದರು,
ಮೇ ತಿಂಗಳ ಬಿಸಿಲಾಗ ಸಾಗವಾನಿ ಹಿಟ್ಟು
ಪಡಸಾಲಿ ತುಂಬಾ.

ಡೆಡ್‌ಸ್ಟಾಕ್ ವಹಿಯಾಗ ನಮೂದು ಮಾಡಬೇಕಲ್ಲ.
ಕುರ್ಚಿ ಒಂದು, ಎರಡು ಇಂಚು ಕಡಿಮಿ.
ಕಾರಣ ಅಂತ ಒಂದು ಕಾಲಂ ಐತಿ.
ಬಾಳೊತ್ತು ಪೆನ್ನು ಕಚ್ಚಿದೆ. ಬರದೆ:
‘ಕಾಲು ನೆಲ ಮುಟ್ಟಲೆಂದು.’
ಆಡಿಟ್‌ನವರು ಆಕ್ಷೇಪಣಾ ಎತ್ತತಾರ. ಎತ್ತಲಿ.

ನಾಕು ತುಂಡು ಉಳದವು.
ಒಂದು ಸಂಗವ್ವ ಬಾಗಿಲಿಗೆ ಒಡ್ಡಿದಳು,
ಅದು ಗಾಳಿಗೆ ತಾನ ಮುಚ್ಚಿಕೊಳ್ಳತಿತ್ತು.
ಒಂದು ಮೇಡಂ ಟೇಬಲಿಗೆ. ಒಂದು ಎಲ್ಲೋ ಹೋತು.
ಒಂದು ನನ್ನ ಹತ್ತಿರ,
ನನ್ನದ ಬಡ್ತಿ ಫೈಲಿನ ಮ್ಯಾಲ.
ತಿಕೋಟಾದ ಶೆಡ್ಡಿನಾಗ ದ್ರಾಕ್ಷಿ
ಇಪ್ಪತ್ತು ದಿನಕ್ಕ ಒಣಗತೈತಿ,
ಇದು ಹನ್ನೊಂದು ವರ್ಷದಿಂದ ಒಣಗಾಕತ್ತೈತಿ.

ನಾಳೆ ಇದನ್ನ ಹಿಡಕೊಂಡು ಒಳಗ ಹೋಗಾಕಿ.
ಸಹಿ ಮಾಡೋ ಅಧಿಕಾರ ಪ್ರಭಾರಕ್ಕೂ ಐತಿ.
ಮೂರನೇ ಪುಟ, ಕಡೀ ಸಾಲು.
ಟೈಪ್ ಮಾಡಿದಾಕಿ ನಾನ.