ಮೂರಡಿ ಕಂಬಿ

ನಮ್ಮ ಶಾಲೆಯ ಗಂಟೆ ಗಂಟೆಯಲ್ಲ,
ನಂದಿ ಮರದ ಕೊಂಬೆಯಿಂದ ಸರಪಳಿಯಲ್ಲಿ ತೂಗುವ
ಮೂರಡಿ ರೈಲು ಕಂಬಿ.
ಹೊಡೆಯಲು ಒಂದು ಮೊಳೆ, ಅದೂ ಆ ಲೈನಿನದೇ,
ತಲೆ ಚಪ್ಪಟೆ, ಮಂಡಿಯುದ್ದ.
ಇಪ್ಪತ್ತೆರಡು ವರ್ಷದಿಂದ ಹೊಡೆಯುತ್ತಿದ್ದೇನೆ.
ಬಲಗಡೆ ತೂತಿನ ಹತ್ತಿರ ಬಡಿದರೆ ಕಂಚು,
ನಡುವೆ ಬಡಿದರೆ ಬರೀ ತಗಡು.

ಹೊಸ ಮೇಷ್ಟ್ರು ಕೇಳಿದರು,
ರೈಲೇ ಇಲ್ಲದ ಕೊಡಗಿಗೆ ಕಂಬಿ ಎಲ್ಲಿಂದ ಬಂತು, ಬೋಜಿ?
ಅನ್ನಕ್ಕೆ ನೀರಿಟ್ಟು ಬಂದು ಹೇಳಿದೆ.

ಇತ್ತು ಮೇಷ್ಟ್ರೆ. ಏಳು ಮೈಲಿ.
ಟಿಕೇಟಿಲ್ಲ, ಸ್ಟೇಷನ್ನಿಲ್ಲ, ಜನ ಕೂರುವ ಹಾಗಿಲ್ಲ.
ಕಾಡಲ್ಲಿ ಕಡಿದ ಮತ್ತಿ, ಹೊನ್ನೆ, ತೇಗ
ಸವಾರಿ ಮಾಡಿ ಬಂದು ತಿತಿಮತಿ ಡಿಪೋದಲ್ಲಿ ಇಳಿಯುತ್ತಿದ್ದವು.
ಅಲ್ಲಿ ಕೊಯ್ದು ಸ್ಲೀಪರು ಮಾಡಿ
ಎಲ್ಲೋ ಯಾರದೋ ದೊಡ್ಡ ರೈಲಿನಡಿ
ಮಲಗಿಸಲು ಕಳಿಸುತ್ತಿದ್ದರಂತೆ.

ಇಂಜಿನ್ನು ಬಂದದ್ದು ಎತ್ತಿನ ಗಾಡಿಯಲ್ಲಿ.
ಹುಣಸೂರು ದಾರಿ, ಹನ್ನೊಂದು ಗಾಡಿ, ತುಂಡು ತುಂಡಾಗಿ.
ಬಾಯ್ಲರಿನ ಗಾಡಿಗೆ ಅಚ್ಚು ಮುರಿದು
ವಾರವಿಡೀ ರಸ್ತೆಬದಿ ಬಿದ್ದಿತ್ತು,
ಒಳಗೆ ನಾಯಿ ಮರಿ ಹಾಕಿತ್ತು.
ತಲಶ್ಶೇರಿಯ ಮೊಯ್ದು ಫಿಟ್ಟರು
ಮರಿಗಳನ್ನೆಲ್ಲ ಬುಟ್ಟಿಗೆ ಎತ್ತಿಟ್ಟು
ಆಮೇಲೆ ಬೋಲ್ಟು ಬಿಗಿದ.

ಮಳೆಗಾಲದಲ್ಲಿ ಚಕ್ರ ಜಾರುತ್ತಿತ್ತು. ಆಗ ಕಾಮಾಕ್ಷಿ.
ಕಾಮಾಕ್ಷಿ ಆನೆ. ಹಣೆ ಕೊಟ್ಟು
ಇಂಜಿನ್ನು, ಮರ, ಬಯ್ಯುತ್ತಿದ್ದ ಮೊಯ್ದು,
ಎಲ್ಲವನ್ನೂ ಏರಿಗೆ ತಳ್ಳುತ್ತಿದ್ದಳು.
ಗುಮಾಸ್ತ ವಾಮನ ಪೈ ಪುಸ್ತಕದಲ್ಲಿ
ಇಂಜಿನ್ನಿಗೆ ಎಣ್ಣೆ ಬರೆದ, ಕಾಮಾಕ್ಷಿಗೆ ಬೆಲ್ಲ ಬರೆದ,
ನನ್ನಜ್ಜ ಚೋಮನಿಗೆ
ಬ್ರೇಕು, ೧೪, ಎಂದು ಬರೆದ.
ಇಳಿಜಾರಲ್ಲಿ ಗೂಟವನ್ನು ಚಕ್ರಕ್ಕೆ ಒತ್ತಿ ಹಿಡಿಯುವುದು
ಹದಿನಾಲ್ಕನೆಯವನ ಕೆಲಸ.
ಸುಟ್ಟ ವಾಸನೆ ಬಂದರೆ
ಗೂಟವೋ ಅಂಗೈಯೋ ಗೊತ್ತಾಗುತ್ತಿರಲಿಲ್ಲವಂತೆ.

ಮುಗಿದದ್ದೂ ಹೇಳುತ್ತೇನೆ.
ದೊಡ್ಡ ಮರ ಮುಗಿದವು, ಯುದ್ಧ ಬಂತು,
ಕಬ್ಬಿಣಕ್ಕೆ ಬೆಲೆ ಬಂತು.
ಕಿತ್ತದ್ದು ಕಾಡಿನ ತುದಿಯಿಂದ.
ಕಿತ್ತ ಕಂಬಿಯನ್ನು ಅದೇ ರೈಲಿಗೆ ಹೇರಿ,
ಒಂದು ಕಂಬಿಯಷ್ಟು ಹಿಂದೆ ಸರಿದು, ಮತ್ತೆ ಕಿತ್ತು,
ಚಾಪೆ ಸುತ್ತಿದ ಹಾಗೆ
ತನ್ನ ದಾರಿಯನ್ನು ತಾನೇ ಸುತ್ತಿಕೊಂಡು
ಡಿಪೋ ಸೇರಿತು.
ಹಾಕಿದವರೇ ಕಿತ್ತರು. ಕೂಲಿ ಎರಡಾಣೆ ಹೆಚ್ಚು.
ಕೊನೆಗೆ ಇಂಜಿನ್ನನ್ನೂ ಬಿಚ್ಚಿ ಎತ್ತಿನ ಗಾಡಿಗೆ ಹಾಕಿದ ಮೇಲೆ
ಅದು ನಿಂತಿದ್ದ ಕಂಬಿಯನ್ನು ಹೊರಲು ಏನೂ ಉಳಿಯಲಿಲ್ಲ.
ಒಂದು ತುಂಡು ಬಂಗಲೆಯ ಗೇಟಿಗೆ, ಒಂದು ತೋಡಿನ ಪಾಲಕ್ಕೆ,
ಮೂರಡಿ ನಮಗೆ.

ಇಸವಿ? ಕೇಳಿದರು ಮೇಷ್ಟ್ರು, ಪೆನ್ನು ಹಿಡಿದು.
ಪೈಗಳ ಪುಸ್ತಕ ಗೆದ್ದಲು ತಿಂದಿತು.
ನನಗೆ ಗೊತ್ತಿರುವುದು ಈ ಲೈನ್ ಮನೆ,
ಅದು ಬೇರೆ ಲೈನು, ಕಾಫಿ ತೋಟದ್ದು.

ಒಂದು ಮಾತು ಹೇಳಿರಲಿಲ್ಲ. ಗುರುವಾರ ಅವರೇ ಕಂಡರು.
ಕಂಬಿ ಹೋಯಿತು, ಗುಡ್ಡ ಕಡಿದು ಹದ ಮಾಡಿದ ದಾರಿ ಹೋಗಿಲ್ಲ.
ಸಿಲ್ವರ್ ಓಕ್ ಸಾಲಿನ ಕೆಳಗೆ ಮೆಲ್ಲಗೆ ಇಳಿಯುತ್ತದೆ,
ಮರಿಯಾನೆಗೂ ಮೊಣಕಾಲು ನೋಯದಷ್ಟು ಮೆಲ್ಲಗೆ.
ಮೂರೂವರೆಗೆ ತೋಟದಿಂದ ಕೂಗು ಬಂತು.
ಶಾಲೆ ಬಿಡುವ ಗಂಟೆ ಹೊಡೆಯಲಿಲ್ಲ ನಾನು.
ತೂತಿನ ಹತ್ತಿರ, ಕಂಚು ಇರುವಲ್ಲಿ,
ಬಿಡದೆ, ಎಣಿಸದೆ ಹೊಡೆದೆ.
ಮಕ್ಕಳೆಲ್ಲ ಒಳಗೆ, ಬಾಗಿಲಿಗೆ ಬೆಂಚು.

ಗೇಟಿನಾಚೆ ಏಳು ಆನೆ,
ಒಂದರ ಹಿಂದೊಂದು, ನಡುವೆ ಅಷ್ಟಷ್ಟೇ ಜಾಗ ಬಿಟ್ಟು,
ಡಿಪೋ ಇದ್ದ ಕಡೆಗೆ ಹೋದವು.
ಕೊನೆಯದು ನಿಂತು
ನಮ್ಮ ಕಾಂಪೌಂಡನ್ನು ಹಣೆಯಿಂದ ಒಮ್ಮೆ ಒತ್ತಿ ನೋಡಿತು.
ಎರಡನೇ ಕ್ಲಾಸಿನ ರಮ್ಲತ್ ಉಸಿರು ಹಿಡಿದದ್ದು
ನನಗೆ ಕೇಳಿಸಿತು.

ಮಕ್ಕಳನ್ನು ಬಿಟ್ಟಾಗ ಐದು ದಾಟಿತ್ತು.
ರಿಜಿಸ್ಟರಿನಲ್ಲಿ ಮೇಷ್ಟ್ರು ಬರೆದರು,
ಆನೆ, ಏಳು. ಶಾಲೆ ತಡ.
ಗಂಟೆ ಹೊಡೆದವಳ ಹೆಸರು ಬರೆಯಲಿಲ್ಲ.
ನಂಬರೂ ಹಾಕಲಿಲ್ಲ.